ಕಾಸರಗೋಡಿನ ನಮ್ಮ ಯಕ್ಷಗಾನ ವಾಟ್ಸಾಪ್ ಗುಂಪಿನಲ್ಲಿ ಸದಸ್ಯೆಯೊಬ್ಬರಿಗೆ ಒಬ್ಬಾತ ಕಿರುಕುಳ ಕೊಡುತ್ತಿದ್ದಾನೆ. ಅಡ್ಮಿನ್‌ಗಳು ಏನು ಮಾಡಬೇಕು?

ಮೊದಲು ಸಾಕ್ಷ್ಯ, ಆಮೇಲೆ ಡಿಲೀಟ್. ಅವಸರದಲ್ಲಿ ಮೆಸೇಜು ಅಳಿಸಿ ಆಮೇಲೆ ಕೈಕೈ ಹಿಸುಕಿಕೊಳ್ಳುವವರೇ ಹೆಚ್ಚು. ಸ್ಕ್ರೀನ್‌ಶಾಟಿನಲ್ಲಿ ದಿನಾಂಕ, ಸಮಯ ಕಾಣಬೇಕು. ನಂಬರು ಸೇವ್ ಆಗಿದ್ದರೆ ಹೆಸರಷ್ಟೇ ಬರುತ್ತದೆ. ಪ್ರೊಫೈಲ್ ತೆರೆದು ನಂಬರಿನದ್ದೂ ಒಂದು ತೆಗೆದಿಡಿ.

ಬಳಿಕ ಆತನನ್ನು ಹೊರಹಾಕಿ, ಇನ್ವೈಟ್ ಲಿಂಕ್ ರೀಸೆಟ್ ಮಾಡಿ, ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಕಡ್ಡಾಯ ಮಾಡಿ. ಇಲ್ಲದಿದ್ದರೆ ಇನ್ನೊಂದು ಸಿಮ್ಮಿನಲ್ಲಿ ಮತ್ತೆ ಹಾಜರ್! ‘ಒಳ್ಳೆ ಮದ್ದಳೆಗಾರ, ಹೋಗಲಿ ಬಿಡಿ’ ಎನ್ನುವ ಪಂಚಾತಿಕೆ ಬೇಡ. ಆತನ ಆಪ್ತ ಅಡ್ಮಿನ್ ಇದ್ದರೆ ತೀರ್ಮಾನದಿಂದ ದೂರ ಇರಲಿ.

ಬೇಡವೆಂದರೂ ಖಾಸಗಿಯಾಗಿ ಮೆಸೇಜು ಬರುತ್ತಲೇ ಇದ್ದರೆ ಆಕೆಯ ಒಪ್ಪಿಗೆ ಪಡೆದು ಪೊಲೀಸರಿಗೆ ದೂರು ಕೊಡಿಸಿ; ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 78ನೇ ಸೆಕ್ಷನ್, ಅಂದರೆ ಬೆನ್ನುಬಿದ್ದು ಕಾಡುವುದರ (ಸ್ಟಾಕಿಂಗ್) ಸೆಕ್ಷನ್, ಅನ್ವಯಿಸುತ್ತದೆ. ದೂರನ್ನು ಕನ್ನಡದಲ್ಲೇ ಬರೆಯಬಹುದು. ಸದಸ್ಯ ಹಾಕಿದ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ, ಆ ಹೆದರಿಕೆಯಿಂದ ಗುಂಪು ಮುಚ್ಚಬೇಡಿ.