ಅವನು ಯಾರ ಜೊತೆ ಮಾತಾಡುತ್ತಿದ್ದ?

ನಮಸ್ಕಾರ.

ನಿಮ್ಮ ಬರಹ ತಲುಪಿತು. ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯಲ್ಲಿ 2015ರ ನವೆಂಬರಿನಲ್ಲಿ ಬಂದ 'ಹೆವನ್ ಸೆಂಟ್' ಎಂಬ ಎಪಿಸೋಡ್ ಬಗ್ಗೆ ಬರೆದಿದ್ದೀರಿ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ನಾಯಕ, ಡಾಕ್ಟರ್, ಒಬ್ಬನೇ ಕೋಟೆಯೊಂದರಲ್ಲಿ ಸಿಕ್ಕಿಹಾಕಿಕೊಳ್ಳುವ ಕಥೆ. ನಿಮ್ಮ ಭಾಷೆ ಸರಾಗವಾಗಿದೆ, ಕಾಗುಣಿತ ಶುದ್ಧವಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆ ಎಪಿಸೋಡ್ ನನಗೆ ತುಂಬಾ ಇಷ್ಟ. ಅದಕ್ಕೇ ನಿಮ್ಮ ಎರಡನೇ ಪ್ಯಾರಾ ಓದಿ ಬೇಜಾರಾಯಿತು.

'ಮುಕ್ಕಾಲು ಗಂಟೆಗೂ ಜಾಸ್ತಿ ತೆರೆಯ ಮೇಲೆ ಪೀಟರ್ ಕಪಾಲ್ಡಿ ಒಬ್ಬರೇ' ಎಂದಿದ್ದೀರಿ. ಡಾಕ್ಟರ್ ಪಾತ್ರದ ಕಪಾಲ್ಡಿ ಒಬ್ಬರೇ ಅಲ್ಲವಲ್ಲ! ಮುಸುಕು ಹೊದ್ದ, ನೊಣ ಮುತ್ತಿಕೊಂಡ ಒಂದು ಆಕೃತಿ ಕೋಟೆಯ ತುಂಬ ಹಿಂದೆ ಬರುತ್ತಲೇ ಇರುತ್ತದೆ. ಓಡುವುದಿಲ್ಲ, ನಿಧಾನವಾಗಿ ನಡೆಯುತ್ತದೆ.

ಮುಂದಿನ ಸಾಲು: 'ಡಾಕ್ಟರ್ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾನೆ.' ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಅವನು ಮಾತಾಡುವುದು ಕ್ಲಾರಾ ಜೊತೆ. ಹಿಂದಿನ ಎಪಿಸೋಡಿನಲ್ಲಷ್ಟೇ ತೀರಿಕೊಂಡ ಗೆಳತಿ. ಅವನ ಮನಸ್ಸಿನೊಳಗೆ ಅವಳು ಬೋರ್ಡಿನ ಮುಂದೆ ಬೆನ್ನು ತೋರಿಸಿ ನಿಂತಿರುತ್ತಾಳೆ. ಅವನು ಏನೇ ಹೇಳಲಿ, ತಿರುಗುವುದಿಲ್ಲ. ಸೀಮೆಸುಣ್ಣದಲ್ಲಿ ಪ್ರಶ್ನೆ ಬರೆಯುತ್ತಾಳೆ, ಅಷ್ಟೇ. ಇನ್ನು ಆಗೋದಿಲ್ಲ ಅಂತ ಅವನು ಕೈಚೆಲ್ಲಿದಾಗ ಒಮ್ಮೆ ತಿರುಗುತ್ತಾಳೆ. ಬರೆದ ಸ್ಟೀವನ್ ಮೊಫಾಟ್ ಇಡೀ ಕಥೆಯನ್ನು ಆ ಬೆನ್ನಿನ ಮೇಲೆ ನಿಲ್ಲಿಸಿದ್ದಾರೆ. ನಿಮ್ಮ ನಾಲ್ಕು ಪುಟದಲ್ಲಿ ಆ ಬೆನ್ನೇ ಇಲ್ಲ.

ವಾರಪತ್ರಿಕೆಯೊಂದಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಒಂದು ಏಕವ್ಯಕ್ತಿ ನಾಟಕ ನೋಡಿ ಬರೆದುಕೊಟ್ಟಿದ್ದೆ. ಹಿರಿಯ ಸಂಪಾದಕರು ಓದಿ ಒಂದೇ ಪ್ರಶ್ನೆ ಕೇಳಿದರು. "ಆಯಮ್ಮ ಯಾರನ್ನ ನೋಡ್ಕೊಂಡು ಮಾತಾಡ್ತಿದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಟಿಕೆಟ್ ತಗೊಂಡು ಮತ್ತೆ ಹೋದೆ. ಆಕೆ ಮಾತಾಡುತ್ತಿದ್ದದ್ದು ಮೂಲೆಯಲ್ಲಿ ಸುತ್ತಿ ಒರಗಿಸಿದ್ದ ಚಾಪೆಯ ಜೊತೆ. ನಾಟಕದುದ್ದಕ್ಕೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಬಿಡಿಸಿ ಹಾಸಿದರು. ಮೊದಲ ದಿನವೂ ಆ ಚಾಪೆ ಅಲ್ಲೇ ಇತ್ತು. ನಾನು ಸಂಭಾಷಣೆ ಬರೆದುಕೊಳ್ಳುತ್ತಾ ತಲೆ ಬಗ್ಗಿಸಿ ಕೂತಿದ್ದೆ.

ಇನ್ನು ನಿಮ್ಮ ಮೊದಲ ವಾಕ್ಯ: '450 ಕೋಟಿ ವರ್ಷಗಳ ಮನಮುಟ್ಟುವ ಹೋರಾಟ.' ಆ ಸಂಖ್ಯೆಯನ್ನು ಸುಮ್ನೆ ಮೊದಲೇ ಬಿಟ್ಟುಕೊಟ್ಟಿರಿ. ಎಪಿಸೋಡಿನಲ್ಲಿ ಲೆಕ್ಕ ಹೇಗೆ ಏರುತ್ತದೆ ನೋಡಿ. ನಕ್ಷತ್ರಗಳ ಜಾಗ ತಪ್ಪಿದೆ, 7000 ವರ್ಷ ಮುಂದೆ ಬಂದ ಹಾಗಿದೆ ಅನ್ನುತ್ತಾನೆ ಡಾಕ್ಟರ್. ಯಾಕೆ ಅಂತ ಗೊತ್ತಿಲ್ಲ. ಆಮೇಲೆ ಹೊರಹೋಗುವ ದಾರಿಗೆ ಅಡ್ಡವಾಗಿ ಒಂದು ಗೋಡೆ. ವಜ್ರಕ್ಕಿಂತ 400 ಪಟ್ಟು ಗಟ್ಟಿ, 20 ಅಡಿ ದಪ್ಪ. ಬರಿಗೈಲಿ ಗುದ್ದುತ್ತಾನೆ, ಸಾಯುತ್ತಾನೆ, ಹೊಸದಾಗಿ ಹುಟ್ಟಿ ಮತ್ತೆ ಬರುತ್ತಾನೆ. 12 ಸಾವಿರ ವರ್ಷ, 6 ಲಕ್ಷ, ಹಾಗೇ ಕೋಟಿ ಕೋಟಿ. ಲೆಕ್ಕ ಏರಿದ ಹಾಗೆ ಗೋಡೆಯ ಗುಂಡಿ ಆಳವಾಗುತ್ತದೆ. ನಮ್ಮ ಉಸಿರು ಹಿಡಿಯುವುದು ಆ ಏರಿಕೆಯಲ್ಲಿ, ಅಲ್ವಾ?

'ಮನಮುಟ್ಟುವ' ಪದವನ್ನು ಹೊಡೆದು ಹಾಕಿದ್ದೇನೆ. ಅದರ ಬದಲು ನೀವು ಹಾರಿಸಿಬಿಟ್ಟ ದೃಶ್ಯ ಬರೆಯಿರಿ. ಸಮುದ್ರಕ್ಕೆ ಧುಮುಕಿದವನು ತೊಯ್ದು ತೊಪ್ಪೆಯಾಗಿ ಮೇಲೆ ಬರುತ್ತಾನೆ. ಬೆಂಕಿಯ ಮುಂದೆ ಅವನದೇ ಥರದ ಬಟ್ಟೆ ಒಣಗುತ್ತಿರುತ್ತದೆ. ಅದನ್ನು ಹಾಕಿಕೊಂಡು, ತನ್ನ ಒದ್ದೆ ಬಟ್ಟೆ ಅಲ್ಲೇ ಹರವಿ ಹೋಗುತ್ತಾನೆ. ಯಾರಿಗೆ ಅಂತ ಆಗ ನಮಗೆ ಗೊತ್ತಿಲ್ಲ. ಮುಂದೆ ಬರುವ ತನಗೇ ಅಂತ ಗೊತ್ತಾದಾಗ ನನಗೆ ಮಾತೇ ಹೊರಡಲಿಲ್ಲ.

ಇನ್ನೊಂದು ಸಲ ಸೌಂಡ್ ತೆಗೆದು ನೋಡಿ. ಅವನ ಕಣ್ಣು ಯಾವ ಕಡೆ ಹೋಗುತ್ತದೆ ಅಂತ ಬರೆದುಕೊಳ್ಳಿ. ಒದ್ದೆ ಬಟ್ಟೆಯಿಂದ ಶುರು ಮಾಡಿ ಕಳಿಸಿ. ಬಂದ ದಿನವೇ ಓದುತ್ತೇನೆ.