ಮಂಗಳೂರು–ಕಾರವಾರ ದೋಣಿ ಪ್ರಯಾಣ: ರಾತ್ರಿ ಲಂಗರು ಎಲ್ಲಿ ಹಾಕೋದು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲದ ಪ್ರಶ್ನೆಗಳೆಲ್ಲ ಕೊಡಗಿನವು. ಉತ್ತರ ಕೊಟ್ಟವರು ಸರಕು ಹಡಗಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾಗಿ, ಈಗ ಮಡಿಕೇರಿಯಲ್ಲಿ ನೆಲೆಸಿದ್ದಾರೆ.

ಪ್ರಶ್ನೆ: ನಮಸ್ಕಾರ ಸರ್. ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ ಇದೆ. ನಾನೂ ಭಾವನೂ ಸೇರಿ 26 ಅಡಿಯ ಒಂದು ಹಾಯಿದೋಣಿ ಕೊಂಡಿದ್ದೇವೆ, ಸಣ್ಣ ಎಂಜಿನ್ ಇದೆ. ಮಂಗಳೂರಿಂದ ಕಾರವಾರದವರೆಗೆ ಎರಡು–ಮೂರು ವಾರ ನಿಧಾನಕ್ಕೆ ಹೋಗಬೇಕು, ರಾತ್ರಿ ದೋಣಿಯಲ್ಲೇ ಮಲಗಬೇಕು ಅಂತ ಆಸೆ. ಮ್ಯಾಪ್ ನೋಡಿದರೆ ನದಿಗಳ ಬಾಯಿ ಎಲ್ಲ ಒಳ್ಳೆ ಜಾಗದಂತೆ ಕಾಣುತ್ತವೆ. ಅಲ್ಲೇ ನಿಲ್ಲಬಹುದಾ? ಯಾವ ತಿಂಗಳು ಒಳ್ಳೆಯದು?

ಮೊದಲು ತಿಂಗಳಿನ ವಿಷಯ ಮುಗಿಸೋಣ. ಕಡಲು ಅತಿ ಸಮಾಧಾನವಾಗಿರೋದು ಡಿಸೆಂಬರಿನಿಂದ ಫೆಬ್ರವರಿವರೆಗೆ. ನಿಮಗೆ ಅದೇ ಕೊಯ್ಲಿನ ಕಾಲ. ಕಣದಲ್ಲಿ ಕಾಫಿ ಹರಡಿಟ್ಟು ದೋಣಿ ಹತ್ತಿದರೆ ಮನೆಯಲ್ಲಿ ಯಾರೂ ಸುಮ್ಮನಿರಲ್ಲ. ಆದ್ದರಿಂದ ಕೊಯ್ಲು ಮುಗಿದ ಮೇಲೆ, ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯೊಳಗೆ ಹೋಗಿ ಬನ್ನಿ. ಮೇ ತಿಂಗಳು ಬೇಡ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಇದೇ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಮಳೆ ಮುಗಿದ ಮೇಲಿನ ಅಕ್ಟೋಬರ್, ನವೆಂಬರಿನಲ್ಲೂ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುತ್ತದೆ. 2019ರ ಅಕ್ಟೋಬರಿನ ಕ್ಯಾರ್ ನೆನಪಿರಬಹುದು.

ಇನ್ನು ಮುಖ್ಯ ಪ್ರಶ್ನೆ. ನದಿ ಕಡಲು ಸೇರುವ ಬಾಯಿಗೆ ಕರಾವಳಿಯಲ್ಲಿ ಅಳಿವೆ ಅನ್ನುತ್ತಾರೆ. ಮ್ಯಾಪಿನಲ್ಲಿ ಅಳಿವೆ ಅಂದರೆ ತೆರೆದಿಟ್ಟ ಬಾಗಿಲು. ಒಳಗೆ ಹೋದರೆ ಅಲೆಯಿಲ್ಲ, ಗಾಳಿಯಿಲ್ಲ, ಸುತ್ತ ತೆಂಗಿನ ಮರ. ಅದು ಸುಳ್ಳಲ್ಲ. ಆದರೆ ಬಾಗಿಲಿನ ಹೊಸ್ತಿಲಲ್ಲಿ ಮರಳಿನ ದಿಬ್ಬ ಕೂತಿರುತ್ತದೆ, ಅದು ಮ್ಯಾಪಿನಲ್ಲಿ ಕಾಣಲ್ಲ. ಕಂಡರೂ ಪ್ರತಿ ಮಳೆಗಾಲ ಅದರ ಜಾಗ ಬದಲಾಗುತ್ತದೆ. ಅಲೆ ಆ ದಿಬ್ಬದ ಮೇಲೆ ಬಂದು ಒಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಅನುಭವ ಇರುವ ಮೀನುಗಾರರ ದೋಣಿಗಳೇ ಮಗುಚಿಕೊಳ್ಳುವುದು ಹೆಚ್ಚಾಗಿ ಅಳಿವೆಯಲ್ಲಿ, ನಡುಗಡಲಲ್ಲಿ ಅಲ್ಲ.

ಇದಕ್ಕೆ ಕಾರಣ ಗೊತ್ತಿದ್ದರೆ ಹೆದರಿಕೆ ಅರ್ಧ ಕಮ್ಮಿ. ಇಳಿತದ ಹೊತ್ತಿನಲ್ಲಿ, ಅಂದರೆ ಕಡಲಿನ ನೀರು ತಗ್ಗುವಾಗ, ನದಿ ನೀರೂ ಭರತಕ್ಕೆ ಏರಿ ಒಳಗೆ ಬಂದಿದ್ದ ನೀರೂ ಸೇರಿ ಹೊರಗೆ ನುಗ್ಗುತ್ತದೆ. ಎದುರಿಂದ ಕಡಲಿನ ಅಲೆ ಬರುತ್ತದೆ. ಎರಡೂ ಮುಖಾಮುಖಿಯಾದಾಗ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಅದೇ ದಿಬ್ಬ, ಭರತ ತುಂಬುವ ಕೊನೆಯ ಎರಡು ಗಂಟೆಯಲ್ಲಿ ಸಾಧುವಾಗಿರುತ್ತದೆ. ಹಾಗಾಗಿ ಅಳಿವೆಗೆ ಹೋಗೋದಿದ್ದರೆ ಆ ಹೊತ್ತಿಗೇ ಹೋಗಿ, ಹಗಲಿನಲ್ಲಿ ಹೋಗಿ, ಮೊದಲ ಸಲ ಆದರೆ ಸ್ಥಳೀಯ ದೋಣಿಯೊಂದರ ಹಿಂದೆ ಹೋಗಿ. ಹೊರಗೆ ಬರುವಾಗಲೂ ಇದೇ ಲೆಕ್ಕ. ಬೆಳಗ್ಗೆ ಬೇಗ ಹೊರಡಬೇಕು ಅಂತ ನೀವು ಅಂದುಕೊಂಡಿರುತ್ತೀರಿ, ಭರತ ಮಧ್ಯಾಹ್ನಕ್ಕಿರುತ್ತದೆ. ಆಗ ಅರ್ಧ ದಿನ ಹೋಯಿತು. ಭರತ–ಇಳಿತದ ಪಟ್ಟಿ ಜೇಬಿನಲ್ಲಿ ಇಲ್ಲದೆ ಅಳಿವೆಯೊಳಗೆ ರಾತ್ರಿ ಕಳೆಯುವ ಯೋಚನೆ ಬೇಡ.

ನದಿಗೂ ಒಂದೊಂದು ಸ್ವಭಾವ ಇದೆ. ಹೊನ್ನಾವರದಲ್ಲಿ ಶರಾವತಿಯ ಸೆಳೆತ ಮೇಲ್ಗಡೆ ಗೇರುಸೊಪ್ಪದ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಅನ್ನುವುದರ ಮೇಲೂ ನಿಂತಿದೆ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ತದಡಿಯ ಒಳಗೆ ವಿಶಾಲವಾದ ಜಾಗ ಇದೆ, ಆದರೆ ಬಹಳಷ್ಟು ಕಡೆ ಇಳಿತಕ್ಕೆ ಕೆಸರು ಮೇಲೆ ಬರುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ಜನ ನೀರಿಗಿಳಿದು ಚಿಪ್ಪು ಹೆಕ್ಕುವುದನ್ನು ನೋಡಿ. ಅವರು ನಿಂತು ಹೆಕ್ಕುವ ಜಾಗದಲ್ಲಿ ಭರತದ ಹೊತ್ತಿಗೆ ನೀವು ಲಂಗರು ಹಾಕಿದರೆ, ಆರು ಗಂಟೆ ಕಳೆದ ಮೇಲೆ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ಕೆಸರಲ್ಲಿ ಕೂತಿರುತ್ತದೆ. ಮಂಗಳೂರಿನ ಅಳಿವೆಯ ವಿಷಯದಲ್ಲಿ ಮಾತ್ರ ನಮಗೊಂದು ಅನುಕೂಲ ಇದೆ. ಪುಷ್ಪಗಿರಿಯ ಮಳೆ ಕುಮಾರಧಾರಾ, ನೇತ್ರಾವತಿ ಹಿಡಿದು ಅಲ್ಲಿಗೇ ಹೋಗೋದು. ಸೋಮವಾರಪೇಟೆ ಕಡೆ ಜೋರು ಮಳೆ ಹೊಡೆದರೆ, ಕೆಂಪು ನೀರೂ ಮರದ ದಿಮ್ಮಿಯೂ ಅಳಿವೆಗೆ ಬರುವ ಮೊದಲೇ ನಿಮಗೆ ಸುದ್ದಿ ಗೊತ್ತಿರುತ್ತದೆ.

ಅಳಿವೆ ಬಿಟ್ಟರೆ ಬೇರೇನು? ಕಡಲಿಗೆ ಚಾಚಿದ ಗುಡ್ಡದ ಮರೆ. ಇಲ್ಲಿ ಕರಾವಳಿಯ ಆಕಾರ ಗಮನಿಸಿ. ಮಂಗಳೂರಿಂದ ಬೈಂದೂರಿನವರೆಗೆ ದಡ ಹೆಚ್ಚುಕಡಿಮೆ ನೆಟ್ಟಗಿದೆ. ಮರವಂತೆಯಲ್ಲಿ ಕಾರು ನಿಲ್ಲಿಸಿ ಕಡಲು ನೋಡಿದ್ದೀರಲ್ಲ, ಎಲ್ಲಾದರೂ ಆಸರೆ ಕಾಣುತ್ತದಾ? ಇಲ್ಲ. ಈ ಭಾಗದಲ್ಲಿ ಮಲ್ಪೆ, ಗಂಗೊಳ್ಳಿಯಂಥ ಬಂದರುಗಳೇ ಗತಿ. ಮಂಗಳೂರಿಂದ ಮಲ್ಪೆಗೆ ಸುಮಾರು 30 ನಾಟಿಕಲ್ ಮೈಲು (ಕಡಲಿನ ಮೈಲು, ಒಂದಕ್ಕೆ ಸುಮಾರು 1.85 ಕಿ.ಮೀ.). ಆಮೇಲೆ ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಒಂದಕ್ಕೊಂದು ಸುಮಾರು 15ರಿಂದ 22 ಮೈಲು. ಗಂಟೆಗೆ ನಾಲ್ಕು ಮೈಲು ಹೋಗುವ ದೋಣಿಗೆ ಮಲ್ಪೆಯ ಹಾದಿ ಏಳೂವರೆ ಗಂಟೆ, ಉಳಿದವು ನಾಲ್ಕರಿಂದ ಐದೂವರೆ ಗಂಟೆ. ಭಟ್ಕಳ ದಾಟಿದ ಮೇಲೆ ಗುಡ್ಡಗಳು ಕಡಲಿಗೆ ಇಳಿಯುತ್ತವೆ. ಮುರ್ಡೇಶ್ವರದ ಕಂದುಕಗಿರಿಯ ದಕ್ಷಿಣದ ಮಗ್ಗುಲು, ಗೋಕರ್ಣದ ಓಂ ಬೀಚಿನ ಕಡೆಯ ಗುಡ್ಡಗಳ ಮರೆ, ಬೇಲೆಕೇರಿಯ ಕೊಲ್ಲಿ, ಹೀಗೆ ಒಳ್ಳೆಯ ಹವೆಯಲ್ಲಿ ರಾತ್ರಿ ಕಳೆಯುವಂಥ ಜಾಗಗಳು ಸಿಗುತ್ತವೆ. ಬಂಡೆ ಎಲ್ಲಿದೆ ಅಂತ ಚಾರ್ಟಿನಲ್ಲಿ, ಅಂದರೆ ಕಡಲಿನ ಆಳ, ಬಂಡೆ ತೋರಿಸುವ ನಕ್ಷೆಯಲ್ಲಿ, ನೋಡಿಕೊಂಡೇ ಹೋಗಿ. ನಮ್ಮ ಕರಾವಳಿಯ ಚಾರ್ಟ್ ತಯಾರಿಸುವುದು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ, ಅದು ನೌಕಾಪಡೆಯದ್ದು. ಫೋನಿನ ಮ್ಯಾಪ್ ಇದಕ್ಕೆ ಸಾಟಿಯಲ್ಲ.

ದಕ್ಷಿಣದ ಮಗ್ಗುಲೇ ಯಾಕೆ ಅಂದರೆ, ಆ ತಿಂಗಳುಗಳಲ್ಲಿ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬೀಸುತ್ತದೆ. ಹನ್ನೊಂದು–ಹನ್ನೆರಡಕ್ಕೆ ಶುರುವಾಗಿ ಸಂಜೆಯವರೆಗೂ ಜೋರು. ರಾತ್ರಿ ಗಾಳಿ ಬಿದ್ದು, ಆಮೇಲೆ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ ನಿಧಾನಕ್ಕೆ ಏಳುತ್ತದೆ. ಹೊಸಬರು ಮರೆಯೋದು ಇದನ್ನೇ. ಸಂಜೆ ಐದಕ್ಕೆ ದೋಣಿಯ ಮೂತಿ ವಾಯವ್ಯಕ್ಕಿರುತ್ತದೆ, ರಾತ್ರಿ ಎರಡಕ್ಕೆ ಪೂರ್ವಕ್ಕಿರುತ್ತದೆ. ಲಂಗರಿನ ಸುತ್ತ ದೋಣಿ ತಿರುಗಿಬಿಟ್ಟಿರುತ್ತದೆ. ಸಂಜೆ ಬಂಡೆಯಿಂದ ದೂರ ಇದ್ದೇವೆ ಅಂದುಕೊಂಡವರು ನಡುರಾತ್ರಿ ಬಂಡೆಯ ಪಕ್ಕದಲ್ಲಿರುತ್ತಾರೆ. ಜಾಗ ಆರಿಸುವಾಗ ‘ಈಗ ಹೇಗಿದೆ’ ಅಂತ ನೋಡಬೇಡಿ. ರಾತ್ರಿ ಎರಡು ಗಂಟೆಗೆ ಗಾಳಿ ಎಲ್ಲಿಂದ, ಅಲೆ ಎಲ್ಲಿಂದ, ದೋಣಿ ಯಾವ ಕಡೆ ತಿರುಗಿರುತ್ತದೆ, ಕತ್ತಲಲ್ಲಿ ಓಡಬೇಕಾದರೆ ದಾರಿ ಯಾವುದು ಅಂತ ನೋಡಿ. ಕತ್ತಲಲ್ಲಿ ಹೊರಗೆ ಬರಲಾಗದ ಜಾಗ ಎಷ್ಟು ಚೆಂದ ಇದ್ದರೂ ನಾನು ಬಿಟ್ಟುಬಿಡುತ್ತೇನೆ. ಈ ಕಾರಣಕ್ಕೇ, ಒಳ್ಳೆ ಹವೆ ಇರುವಾಗ ಅಳಿವೆಗಿಂತ ಗುಡ್ಡದ ಮರೆಯ ತೆರೆದ ಜಾಗವೇ ನನಗೆ ಹೆಚ್ಚು ಇಷ್ಟ. ದೋಣಿ ಸ್ವಲ್ಪ ತೂಗುತ್ತದೆ, ನಿದ್ದೆ ಕಮ್ಮಿ. ಆದರೆ ಲಂಗರು ಎತ್ತಿದರೆ ಕಡಲು ಎದುರಿಗೇ ಇರುತ್ತದೆ.

ಇನ್ನೊಂದು ಮಾತು. ಗಾಳಿ ವಾಯವ್ಯದ್ದಾದರೆ ಮಂಗಳೂರಿಂದ ಉತ್ತರಕ್ಕೆ ಹೋಗೋದು ಗಾಳಿಗೆ ಎದುರು ಹೋದಂತೆ. ದೋಣಿಯನ್ನು ಲಾರಿಯಲ್ಲಿ ಕಾರವಾರಕ್ಕೆ ಸಾಗಿಸಲು ಆಗುವುದಾದರೆ ಅಲ್ಲಿಂದ ಕೆಳಗೆ ಬನ್ನಿ. ಗಾಳಿ ಬೆನ್ನಿಗಿರುತ್ತದೆ. ಪ್ರಯಾಣ ಮುಗಿಯೋದು ಮಂಗಳೂರಿನಲ್ಲಿ, ಸಂಪಾಜೆ ಘಾಟಿ ಹತ್ತಿದರೆ ಮನೆ. ಉತ್ತರಕ್ಕೇ ಹೋಗಬೇಕು ಅಂದರೆ ಬೆಳಗಿನ ಜಾವ ಐದಕ್ಕೆ ನೆಲದ ಗಾಳಿಯಲ್ಲಿ ಹೊರಟು, ಮಧ್ಯಾಹ್ನ ಒಂದರೊಳಗೆ ಲಂಗರು ಹಾಕಿಬಿಡಿ. ಬೇಗ ತಲುಪಿದರೆ ಇನ್ನೊಂದು ಲಾಭ: ಜಾಗ ಸರಿ ಅನಿಸದಿದ್ದರೆ ಪಕ್ಕದ ಜಾಗಕ್ಕೆ ಹೋಗಲು ಬೆಳಕಿರುತ್ತದೆ. ಪ್ರತಿ ರಾತ್ರಿಗೂ ಎರಡು ಜಾಗ ಗುರುತು ಮಾಡಿಟ್ಟುಕೊಳ್ಳಿ.

ಹೊರಡುವ ಮೊದಲು ಕಾರಿನಲ್ಲೇ ಒಮ್ಮೆ ಕರಾವಳಿ ಸುತ್ತಿ ಬನ್ನಿ. ಇಳಿತದ ಹೊತ್ತಿಗೆ ಅಳಿವೆಯ ದಡದಲ್ಲಿ ನಿಂತರೆ ದಿಬ್ಬ ಎಲ್ಲಿದೆ, ದೋಣಿಗಳು ಯಾವ ಗೆರೆಯಲ್ಲಿ ಹೋಗುತ್ತವೆ ಎಲ್ಲ ಕಾಣುತ್ತದೆ. ಜೆಟ್ಟಿಯಲ್ಲಿ ಕೇಳಿ. ಆದರೆ ‘ಇಲ್ಲಿ ನಿಲ್ಲಬಹುದಾ’ ಅಂತ ಕೇಳಬೇಡಿ, ‘ಓ, ನಿಲ್ಲಿ’ ಅಂದುಬಿಡುತ್ತಾರೆ. ‘ಅಡಿಯಲ್ಲಿ ಕೆಸರಾ ಕಲ್ಲಾ’, ‘ರಾತ್ರಿ ಇಲ್ಲಿ ಬಲೆ ಬಿಡ್ತೀರಾ’, ‘ಬೋಟುಗಳು ಎಷ್ಟು ಹೊತ್ತಿಗೆ ಹೊರಡ್ತವೆ’ ಅಂತ ಕೇಳಿ. ಬೆಳಗಿನ ಜಾವ ಬೋಟುಗಳು ಸಾಲಾಗಿ ಹೊರಡುವ ದಾರಿಯಲ್ಲಿ ನೀವು ಮಲಗಿರಬಾರದು. ಎಲ್ಲಿ ನಿಂತರೂ ರಾತ್ರಿಯಿಡೀ ಸುತ್ತಲಿಂದ ಕಾಣುವ ಬಿಳಿ ದೀಪ ಉರಿಯುತ್ತಿರಲಿ.

ಪ್ರಶ್ನೆ: ಲಂಗರಿಗೆ ಎಷ್ಟು ಉದ್ದ ಹಗ್ಗ ಬೇಕು? ಭಾರ ಜಾಸ್ತಿ ಇದ್ದರೆ ಸಾಕಲ್ವಾ? (ಪೊನ್ನಂಪೇಟೆಯ ಓದುಗರು)

ಭಾರದಿಂದ ಲಂಗರು ನಿಲ್ಲುವುದಿಲ್ಲ, ಎಳೆಯುವ ಕೋನದಿಂದ ನಿಲ್ಲುತ್ತದೆ. ನೇಗಿಲಿನ ಹಾಗೆ: ಅಡ್ಡಕ್ಕೆ ಎಳೆದರೆ ನೆಲಕ್ಕೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಹಗ್ಗ ಉದ್ದ ಬಿಟ್ಟಷ್ಟೂ ಎಳೆತ ಅಡ್ಡಕ್ಕೆ ಬರುತ್ತದೆ.

ಲೆಕ್ಕ ಹೀಗೆ. ನೀರಿನ ಆಳ 4 ಮೀಟರ್. ಭರತಕ್ಕೆ ಏರುವ ನೀರು ಒಂದೂವರೆ ಮೀಟರ್. ದೋಣಿಯ ಮೂತಿ ನೀರಿಂದ 1 ಮೀಟರ್ ಮೇಲೆ. ಒಟ್ಟು ಆರೂವರೆ. ಪೂರ್ತಿ ಚೈನ್ ಇದ್ದರೆ ಇದರ ಐದು ಪಟ್ಟು, ಸುಮಾರು 33 ಮೀಟರ್. ಸ್ವಲ್ಪ ಚೈನ್, ಉಳಿದದ್ದು ಹಗ್ಗ ಆದರೆ ಏಳು ಪಟ್ಟು, ಸುಮಾರು 45. ಗಾಳಿ ಜೋರಾದರೆ ಇನ್ನೂ ಬಿಡಿ. ಹೆಚ್ಚಿನವರು ಭರತವನ್ನೂ ಮೂತಿಯ ಎತ್ತರವನ್ನೂ ಲೆಕ್ಕಕ್ಕೆ ಸೇರಿಸದೆ 20 ಮೀಟರ್ ಬಿಟ್ಟು ಮಲಗುತ್ತಾರೆ. ಹಾಂ, 45 ಮೀಟರ್ ಬಿಟ್ಟರೆ ದೋಣಿ ತಿರುಗಲು ಸುತ್ತ ಎಲ್ಲ ಕಡೆಗೂ 50 ಮೀಟರಿಗಿಂತ ಜಾಸ್ತಿ ಖಾಲಿ ಜಾಗ ಬೇಕು.

ಹಗ್ಗ ನೈಲಾನಿನದೇ ಇರಲಿ, ಅದು ಹಿಗ್ಗಿ ಜಗ್ಗುವಿಕೆಯನ್ನು ನುಂಗುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಹಗ್ಗ ನೀರಲ್ಲಿ ತೇಲುತ್ತದೆ, ಯಾರದೋ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಮರಳು, ಗಟ್ಟಿ ಕೆಸರು ಒಳ್ಳೆಯ ನೆಲ. ಬಂಡೆಯಲ್ಲಿ ಲಂಗರು ಹಿಡಿಯದೇ ಇರಬಹುದು, ಇಲ್ಲವೇ ಸಿಕ್ಕಿಹಾಕಿಕೊಂಡು ಬಾರದೇ ಇರಬಹುದು. ಅಡಿ ಏನಿದೆ ಅಂತ ತಿಳಿಯಲು ಹಳೆ ಉಪಾಯವೇ ಸಾಕು: ಸೀಸದ ಗುಂಡಿನ ತಳಕ್ಕೆ ಸೋಪು ಅಂಟಿಸಿ ಹಗ್ಗದಲ್ಲಿ ಇಳಿಸಿ. ಮರಳಾದರೆ ಮರಳು ಅಂಟಿ ಬರುತ್ತದೆ. ಏನೂ ಅಂಟದೆ ಬಂದರೆ ಬಂಡೆ.

ಹಾಕಿದ ಮೇಲೆ ಎಂಜಿನ್ ನಿಧಾನಕ್ಕೆ ರಿವರ್ಸ್ ಕೊಡಿ. ಹಗ್ಗದ ಮೇಲೆ ಕೈಯಿಟ್ಟು ನೋಡಿ. ಕಟಕಟ ಅಂತ ನಡುಗಿದರೆ ಲಂಗರು ಎಳೆದುಕೊಂಡು ಬರುತ್ತಿದೆ ಅಂತ ಅರ್ಥ, ಎತ್ತಿ ಮತ್ತೆ ಹಾಕಿ. ಫೋನಿನಲ್ಲಿ ಲಂಗರು ಜಾರಿದರೆ ಕೂಗುವ ಆ್ಯಪ್‌ಗಳಿವೆ, ಇಟ್ಟುಕೊಳ್ಳಿ. ಜೊತೆಗೆ ದಡದ ಎರಡು ದೀಪ ಒಂದೇ ಗೆರೆಯಲ್ಲಿ ಬರುವಂತೆ ಗುರುತು ಮಾಡಿ. ಗಾಳಿ ತಿರುಗಿದ ಮೇಲೆ ಒಮ್ಮೆ ಎದ್ದು ನೋಡಿ, ತಿರುಗುವಾಗಲೇ ಲಂಗರು ಕಿತ್ತುಬರುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ನೇತ್ರಾಣಿ, ಸೇಂಟ್ ಮೇರೀಸ್, ಅಂಜುದೀವ್ ದ್ವೀಪಗಳ ಹತ್ತಿರ ರಾತ್ರಿ ನಿಲ್ಲಬಹುದಾ? (ವಿರಾಜಪೇಟೆಯ ಓದುಗರು)

ಮೂರೂ ಬೇಡ. ಅಂಜುದೀವ್ ನೌಕಾಪಡೆಯ ಕೈಯಲ್ಲಿದೆ. ಕಾರವಾರದ ದಕ್ಷಿಣಕ್ಕೆ ಐಎನ್‌ಎಸ್ ಕದಂಬ ನೆಲೆಯೂ ಇದೆ, ಆ ಭಾಗದಿಂದ ದೂರ ಹಾದು ನೇರ ಬೈತಖೋಲ ಬಂದರಿನ ಕಡೆ ಹೋಗಿ. ನೇತ್ರಾಣಿಯನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸುತ್ತಾ ಬಂದಿದೆ. ಅಲ್ಲಿ ಹವಳವೂ ಇದೆ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಒಂದು ಲಂಗರು ಎಳೆದರೆ ಹಲವು ವರ್ಷಗಳ ಬೆಳವಣಿಗೆ ಪುಡಿ. ಸೇಂಟ್ ಮೇರೀಸ್ ತಗ್ಗಾದ ಕಲ್ಲಿನ ದ್ವೀಪ, ಗಾಳಿಗೆ ಮರೆಯಿಲ್ಲ. ಹಗಲು ನೋಡಿಕೊಂಡು ಮಲ್ಪೆಗೆ ಬನ್ನಿ.

ಪ್ರಶ್ನೆ: ಯಾರ ಅನುಮತಿ ಬೇಕು? ಹಾರಂಗಿ ಹಿನ್ನೀರಿನಲ್ಲಿ ಮೊದಲು ಅಭ್ಯಾಸ ಮಾಡಬಹುದಾ? ದುಬಾರೆ, ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಿದ ಅನುಭವ ಇದೆ. (ಕುಶಾಲನಗರದ ಓದುಗರು)

ರಾಫ್ಟಿಂಗ್ ಅನುಭವದಿಂದ ಲೈಫ್ ಜಾಕೆಟ್ ಹಾಕುವ ಅಭ್ಯಾಸ ಬಂದಿದ್ದರೆ ಅಷ್ಟು ಲಾಭ. ಹಾರಂಗಿಯಲ್ಲಿ ನೀರಾವರಿ ಇಲಾಖೆಯ ಒಪ್ಪಿಗೆ ಇಲ್ಲದೆ ದೋಣಿ ಇಳಿಸುವಂತಿಲ್ಲ. ಒಪ್ಪಿಗೆ ಸಿಕ್ಕಿದರೂ ಅಲ್ಲಿ ಭರತವಿಲ್ಲ, ಕಡಲಿನ ಅಲೆಯಿಲ್ಲ. ಲಂಗರು ಹಾಕಿ ಎತ್ತುವುದು, ಗಂಟು ಕಟ್ಟುವುದು ಕಲಿಯಬಹುದು, ಅಷ್ಟೇ.

ಕಡಲಿನಲ್ಲಿ ದೋಣಿಯ ನೋಂದಣಿ ಪತ್ರ, ಎಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ. 2008ರ ಮುಂಬೈ ದಾಳಿಯ ನಂತರ ಕರಾವಳಿಯಲ್ಲಿ ಗುರುತಿಲ್ಲದ ದೋಣಿ ಕಂಡರೆ ಮೀನುಗಾರರೇ ಫೋನ್ ಮಾಡುತ್ತಾರೆ, ಮಾಡಬೇಕಾದ್ದೂ ಹೌದು. ಹೊರಡುವ ಮೊದಲೇ ಕರಾವಳಿ ಕಾವಲು ಪೊಲೀಸರಿಗೆ ನಿಮ್ಮ ದಾರಿ, ನಿಲ್ಲುವ ಜಾಗ ಬರೆದುಕೊಡಿ. ಬಂದರಿನೊಳಗೆ ನಿಲ್ಲಬೇಕಾದರೆ ಅಲ್ಲಿನ ಬಂದರು ಕಚೇರಿಯನ್ನು ಕೇಳಿ. ಪಣಂಬೂರಿನ ನವಮಂಗಳೂರು ಬಂದರು ದೊಡ್ಡ ಹಡಗುಗಳದ್ದು, ನಿಮಗಲ್ಲ. ಸ್ಯಾಟಲೈಟ್ ಫೋನ್ ಅನುಮತಿಯಿಲ್ಲದೆ ತರಬೇಡಿ, ವಿದೇಶದಲ್ಲಿರುವ ನೆಂಟರು ಕೊಟ್ಟಿದ್ದರೂ ಅಷ್ಟೇ. ಅಪಾಯ ಬಂದರೆ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್, ಫೋನ್ ಸಿಕ್ಕರೆ ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093. ಅಲೆಯ ಮುನ್ಸೂಚನೆಯನ್ನು ಕಡಲಿನ ಮಾಹಿತಿ ಕೊಡುವ ಕೇಂದ್ರ ಸರಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್, ದಿನವೂ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಕಡಲಿಗಿಳಿಯಬೇಡಿ ಅಂದ ದಿನ ನೀವೂ ಬಂದರಿನಲ್ಲೇ ಇರಿ.