ಅಮ್ಮನ ಸೊಂಟ, ಅಕ್ಕನ ಮಂಡಿ, ನನ್ನ ಸಕ್ಕರೆ ಕಾಯಿಲೆ: ಬೇರು ಒಂದೆಯೇ?

ಪ್ರಶ್ನೆ: ನನಗೆ 54 ವರ್ಷ. ಅಮ್ಮ 71ನೇ ವಯಸ್ಸಿನಲ್ಲಿ ಬಚ್ಚಲುಮನೆಯ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ. ಅಕ್ಕನಿಗೆ ಎರಡೂ ಮಂಡಿ ಸವೆದಿವೆ. ನನಗೆ ಒಂಬತ್ತು ವರ್ಷಗಳಿಂದ ಟೈಪ್ 2 ಸಕ್ಕರೆ ಕಾಯಿಲೆ. ಈಚೆಗೆ ಮಾಡಿಸಿದ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸಾಂದ್ರತೆಯೊಂದಿಗಿನ ಹೋಲಿಕೆ) ಮೈನಸ್ 0.8 ಬಂದಿದ್ದು, ಮೂಳೆ ಗಟ್ಟಿಯಾಗಿದೆ ಎಂದರು. ಇವೆಲ್ಲ ಒಂದೇ ವಂಶವಾಹಿಯಿಂದ ಬಂದವೇ? ನಾನು ನಿಶ್ಚಿಂತೆಯಿಂದ ಇರಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಮನೆಯ ಎರಡು ಬೇರೆ ಬೇರೆ ಕಾಯಿಲೆಗಳನ್ನು ನಾವು ಕನ್ನಡದಲ್ಲಿ ‘ಮೂಳೆ ಸವೆತ’ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ, ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ನಿಮ್ಮ ತಾಯಿಯವರದು ಬಹುಶಃ ಮೂಳೆಯೊಳಗಿನ ಜಾಲರಿ ತೆಳುವಾಗಿ ಟೊಳ್ಳಾಗುವ ಆಸ್ಟಿಯೊಪೊರೋಸಿಸ್. ಅಕ್ಕನವರದು ಕೀಲಿನ ಮೃದ್ವಸ್ಥಿ ಸವೆಯುವ ಸಂಧಿವಾತ. ಇವೆರಡೂ ಒಂದೇ ದಿಕ್ಕಿಗೆ ಹೋಗುವುದೂ ಇಲ್ಲ: ಮೂಳೆಯ ಸಾಂದ್ರತೆಯನ್ನು ಹೆಚ್ಚಿಸುವ ವಂಶವಾಹಿ ವ್ಯತ್ಯಾಸಗಳನ್ನು ಹೊತ್ತವರಲ್ಲಿ ಮಂಡಿ ಮತ್ತು ಸೊಂಟದ ಸಂಧಿವಾತದ ಸಂಭವ ತುಸು ಹೆಚ್ಚೇ ಇರುತ್ತದೆ.

ಒಂದೇ ವಂಶವಾಹಿ ದೇಹದ ಎರಡು ಕಡೆ ಕೆಲಸ ಮಾಡುವುದುಂಟು. ಎಲ್‌ಆರ್‌ಪಿ5 ಎಂಬ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಗುವಿನ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುತ್ತವೆ, ದೃಷ್ಟಿಯೂ ಹೋಗುತ್ತದೆ ಎಂಬುದು 2001ರಲ್ಲಿ ತಿಳಿಯಿತು. ಮೂಳೆ ಕಟ್ಟಲು ಬೇಕಾದ ಸಂಕೇತವೇ ಅಕ್ಷಿಪಟಲದ ರಕ್ತನಾಳಗಳು ಬೆಳೆಯಲೂ ಬೇಕು. ಅದೇ ವಂಶವಾಹಿಯ ಇನ್ನೊಂದು ಬಗೆಯ ಬದಲಾವಣೆಯಿಂದ ಮೂಳೆ ಅಸಾಮಾನ್ಯವಾಗಿ ಗಟ್ಟಿಯಾಗುವ ಕುಟುಂಬಗಳು ಮರುವರ್ಷವೇ ವರದಿಯಾದವು. ಆದರೆ ಇವು ಅಪರೂಪ. ಬ್ರಿಟನ್ನಿನಲ್ಲಿ 4,26,824 ಜನರ ಹಿಮ್ಮಡಿಯ ಮೂಳೆಯನ್ನು ಅಲ್ಟ್ರಾಸೌಂಡ್‌ನಿಂದ ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನವು ಸಾಂದ್ರತೆಗೆ ಸಂಬಂಧಿಸಿದ 518 ತಾಣಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಅಷ್ಟೂ ಸೇರಿ ವಿವರಿಸಿದ್ದು ಜನರ ನಡುವಿನ ವ್ಯತ್ಯಾಸದ ಐದನೇ ಒಂದು ಭಾಗವನ್ನು ಮಾತ್ರ. ಹೀಗಿರುವಾಗ ನಿಮ್ಮ ಮನೆಯ ಮೂರು ಕಾಯಿಲೆಗಳಿಗೆ ಒಂದೇ ವಂಶವಾಹಿಯನ್ನು ಹುಡುಕಿ ಹಣ ಕೊಟ್ಟು ಪರೀಕ್ಷೆ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ‘ಗಟ್ಟಿಯಾಗಿದೆ’ ಎಂಬ ಮಾತು. ಡೆಕ್ಸಾ ಅಳೆಯುವುದು ಮೂಳೆಯಲ್ಲಿರುವ ಖನಿಜದ ಪ್ರಮಾಣವನ್ನು, ಅದರ ಬಾಳಿಕೆಯನ್ನಲ್ಲ. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಸಾಂದ್ರತೆ ಸಾಮಾನ್ಯವಾಗಿಯೇ ಇರುತ್ತದೆ, ಕೆಲವೊಮ್ಮೆ ಹೆಚ್ಚೂ ಇರುತ್ತದೆ. ಆದರೂ ಅವರಲ್ಲಿ ಮೂಳೆ ಮುರಿತ ಹೆಚ್ಚು. ರಕ್ತದಲ್ಲಿ ಬಹುಕಾಲ ಹೆಚ್ಚಿರುವ ಸಕ್ಕರೆ ಮೂಳೆಯ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳಿಗೆ ಅಂಟಿಕೊಂಡು ಅವುಗಳ ಬಾಗುವ ಗುಣವನ್ನು ಕಸಿಯುತ್ತದೆ. ಇದರ ಜೊತೆಗೆ ಪಾದ ಜೋಮು ಹಿಡಿದಾಗ ಅಥವಾ ಸಕ್ಕರೆ ಏಕಾಏಕಿ ಇಳಿದಾಗ ಬೀಳುವ ಅಪಾಯವೂ ಇರುತ್ತದೆ.

ಆದ್ದರಿಂದ ತಾಯಿಯವರ ಸೊಂಟ ಮುರಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ. ಮುರಿತದ ಅಪಾಯವನ್ನು ಲೆಕ್ಕ ಹಾಕುವ ಫ್ರ್ಯಾಕ್ಸ್ ಎಂಬ ಸಾಧನ ತಂದೆ ತಾಯಿಯ ಸೊಂಟದ ಮುರಿತವನ್ನು ಕೇಳುತ್ತದೆ, ಟೈಪ್ 2 ಸಕ್ಕರೆ ಕಾಯಿಲೆಯನ್ನು ಕೇಳುವುದಿಲ್ಲ. ಹಾಗಾಗಿ ಅದು ತೋರಿಸುವ ಅಂಕಿ ನಿಮ್ಮ ಮಟ್ಟಿಗೆ ಕಡಿಮೆಯಾಗಿಯೇ ಇದ್ದೀತು ಎಂಬುದನ್ನೂ ನೆನಪಿಸಿ. ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ ನಿಂತು ಎತ್ತರವನ್ನು ಪೆನ್ಸಿಲ್‌ನಿಂದ ಗುರುತು ಹಾಕಿಸಿಕೊಳ್ಳಿ. ಯೌವನದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಇಳಿದಿದ್ದರೆ ಬೆನ್ನುಮೂಳೆಯ ಎಕ್ಸ್‌ರೇ ಬೇಕಾಗುತ್ತದೆ. ಬಚ್ಚಲಿನ ಹೊಸ್ತಿಲು ಈಗಲೂ ಹಾಗೆಯೇ ಇದ್ದರೆ ಸಮ ಮಾಡಿಸಿ, ಗೋಡೆಗೆ ಹಿಡಿಕೆ ಹಾಕಿಸಿ. ನಿಮ್ಮ ಸಕ್ಕರೆ ಮಾತ್ರೆಗಳಲ್ಲಿ ಪಯೋಗ್ಲಿಟಜೋನ್ ಇದೆಯೇ ನೋಡಿ: ಅದು ಮಹಿಳೆಯರಲ್ಲಿ ಮೂಳೆ ಮುರಿತವನ್ನು ಹೆಚ್ಚಿಸುತ್ತದೆ. ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ಬದಲಿಸಬಹುದೇ ಎಂದು ಕೇಳಿ.